ಪಹಣಿಯ ಎರಡು ಕಾಲಂ, ಇಂಗ್ಲಿಷಿನ ಒಂದೇ ಬೇರು: ‘ಓನ್’ ಪದದ ಕತೆ

ಬೇಸಿಗೆ ರಜೆಯಲ್ಲಿ ಕಾರಟಗಿಯ ಅಣ್ಣನ ಮನೆಗೆ ಹೋಗಿದ್ದೆ. ಬೆಳೆಸಾಲ ರಿನಿವಲ್ ಮಾಡಿಸಬೇಕು ಅಂತ ಅಣ್ಣ ಪಹಣಿ, ಅಂದರೆ ಹೊಲದ ಸರ್ಕಾರಿ ದಾಖಲೆ ಹಾಳೆ, ತೆಗೆಸಿಕೊಂಡು ಬಂದು ಮೇಜಿನ ಮೇಲೆ ಇಟ್ಟಿದ್ದ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅವನ ಮಗಳು ಇಂಗ್ಲಿಷ್ ಅಭ್ಯಾಸ ಬರೆಯುತ್ತಿದ್ದಳು. ಈ ವರ್ಷ ಅವಳಿಗೆ ಹತ್ತನೇ ತರಗತಿ. ‘ನಮ್ಮ ತಂದೆ ಬ್ಯಾಂಕಿಗೆ ಎರಡು ಲಕ್ಷ ಕೊಡಬೇಕು’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅವಳು ಬರೆದದ್ದು ಹೀಗೆ: ‘ಮೈ ಫಾದರ್ ಓನ್ಸ್ ದ ಬ್ಯಾಂಕ್ ಟೂ ಲ್ಯಾಕ್ಸ್.’

‘ಓನ್ಸ್ ಅಲ್ಲವ್ವ, ಓಸ್. ಎನ್ ತೆಗಿ’ ಅಂದೆ.

‘ಒಂದ ಅಕ್ಷರ ಜಾಸ್ತಿ ಆಗೇತಿ ಕಾಕಾ. ಅಷ್ಟಕ್ಕ ಅರ್ಥ ಪೂರಾ ಉಲ್ಟಾ ಆಗತೈತೇನು?’

ಆಗುತ್ತದೆ. ‘ಓನ್’ ಅಂದರೆ ನನ್ನದು, ನನ್ನ ಒಡೆತನದ್ದು. ‘ಓ’ ಅಂದರೆ ನಾನು ಇನ್ನೊಬ್ಬರಿಗೆ ಕೊಡಬೇಕಾದದ್ದು, ಅಂದರೆ ಸಾಲ. ಮೊದಲನೆಯದನ್ನು ಓ, ಡಬ್ಲ್ಯೂ, ಎನ್ ಅಂತ ಬರೆಯುತ್ತಾರೆ. ಎರಡನೆಯದು ಓ, ಡಬ್ಲ್ಯೂ, ಇ. ಒಂದು ಇರುವುದನ್ನು ಹೇಳುತ್ತದೆ, ಇನ್ನೊಂದು ಕೊಡಬೇಕಾದದ್ದನ್ನು ಹೇಳುತ್ತದೆ. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ಎದುರುಬದುರು ಅರ್ಥದ ಎರಡು ಪದಗಳು ಕೇಳೋಕೆ ಇಷ್ಟು ಹತ್ತಿರ ಯಾಕೆ? ಇದು ಬರೀ ಕಾಕತಾಳೀಯ ಅಲ್ಲ. ಎರಡೂ ಒಂದೇ ಪದದಿಂದ ಹುಟ್ಟಿದವು.

ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ‘ಆಗನ್’ ಅಂತ ಒಂದು ಕ್ರಿಯಾಪದ ಇತ್ತು. ಅರ್ಥ: ಹೊಂದಿರು, ತನ್ನದಾಗಿ ಇಟ್ಟುಕೊ. ಅದರ ಭೂತಕಾಲದ ರೂಪ ‘ಆಹ್ತೆ’. ಮೂರನೇ ರೂಪ ‘ಆಗೆನ್’, ಅಂದರೆ ‘ಹೊಂದಿದ, ತನ್ನದಾದ’. ಶಾಲೆಯಲ್ಲಿ ವಿ1, ವಿ2, ವಿ3 ಅಂತ ಕಲಿಸುತ್ತಾರಲ್ಲ, ಗಿವ್, ಗೇವ್, ಗಿವನ್ ಅಂತ, ಅದೇ ತರಹ. ಈ ಮೂರು ರೂಪಗಳೂ ಇವತ್ತಿನ ಇಂಗ್ಲಿಷಿನಲ್ಲಿ ಉಳಿದಿವೆ, ಆದರೆ ಮೂರು ಬೇರೆ ಬೇರೆ ಪದಗಳಾಗಿ. ವಿ1 ‘ಓ’ ಆಯಿತು: ಸಾಲ ಇರು. ವಿ2 ‘ಆಟ್’ ಆಯಿತು. ‘ಯೂ ಆಟ್ ಟು ಗೋ’ ಅಂತೀವಲ್ಲ, ಆ ‘ಆಟ್’ (ಓ, ಯು, ಜಿ, ಎಚ್, ಟಿ): ಮಾಡತಕ್ಕದ್ದು, ಮಾಡಬೇಕು. ವಿ3 ‘ಓನ್’ ಆಯಿತು: ಸ್ವಂತ. ನಮ್ಮ ಹುಡುಗಿ ಜಾಸ್ತಿ ಬರೆದ ಆ ‘ಎನ್’ ಇದೆಯಲ್ಲ, ಅದು ಗಿವನ್, ಟೇಕನ್, ಬ್ರೋಕನ್ ಪದಗಳ ಕೊನೆಯಲ್ಲಿ ಬರುವ ಅದೇ ‘ಎನ್’.

ಪರೀಕ್ಷೆಯಲ್ಲಿ ಮಾತ್ರ ಹೀಗೆ ಬರೆಯಬೇಡಿ. ಇವತ್ತಿನ ವ್ಯಾಕರಣದಲ್ಲಿ ‘ಓ’ಗೆ ವಿ2, ವಿ3 ಎರಡೂ ‘ಓಡ್’. ಹಳೆಯ ರೂಪಗಳು ಮನೆ ಬಿಟ್ಟು ಹೋಗಿ ಸ್ವಂತ ಸಂಸಾರ ಹೂಡಿದ ಮೇಲೆ ಭಾಷೆ ಹೊಸ ರೂಪ ಕಟ್ಟಿಕೊಂಡಿತು.

‘ಆಗನ್’ ಹೋಗಿ ‘ಓ’ ಆದದ್ದು ಹೇಗೆ ಅಂತ ಅನುಮಾನ ಬರಬಹುದು. ಅದರ ಹಿಂದೆ ಕಟ್ಟುನಿಟ್ಟಾದ ನಿಯಮ ಇದೆ. ಹಳೆಯ ಇಂಗ್ಲಿಷಿನ ದೀರ್ಘ ‘ಆ’ ಮುಂದೆ ‘ಓ’ ಆಯಿತು. ‘ಸ್ಟಾನ್’ ಇದ್ದದ್ದು ‘ಸ್ಟೋನ್’, ‘ಹಾಮ್’ ಇದ್ದದ್ದು ‘ಹೋಮ್’. ನಡುವಿನ ‘ಗ’ ಸವೆದು ‘ವ’ ಆಯಿತು. ನಮ್ಮಲ್ಲೂ ಹೀಗೇ ಆಗಿದೆ. ಹಳಗನ್ನಡದ ‘ಪೊಲ’ ನಮ್ಮ ಬಾಯಲ್ಲಿ ‘ಹೊಲ’ ಆಯಿತು, ‘ಪಾಲ್’ ‘ಹಾಲು’ ಆಯಿತು. ಒಂದು ಪದದಲ್ಲಿ ಅಲ್ಲ, ಸಾಲುಸಾಲು ಪದಗಳಲ್ಲಿ. ಹಾಗಾಗಿ ಪದಗಳ ಬೇರು ಹುಡುಕುವುದು ಊಹೆಯ ಕೆಲಸ ಅಲ್ಲ. ಸದ್ದು ಸುಮ್ನೆ ಹಾಗೆ ಬದಲಾಗುವುದಿಲ್ಲ.

ಸದ್ದಿನ ಮಾತು ಸರಿ. ಅರ್ಥ ಹೇಗೆ ತಿರುಗಿತು? ‘ಇದೆ’ ಅನ್ನುವ ಪದ ‘ಕೊಡಬೇಕು’ ಆದದ್ದು ಹೇಗೆ?

ಉತ್ತರ ಒಂದು ಅನುವಾದದಲ್ಲಿದೆ. ಲ್ಯಾಟಿನ್‌ನಲ್ಲಿ ‘ದೇಬೇರೆ’ ಅಂತ ಒಂದು ಪದ. ಸಾಲ ಇರು ಅಂತ ಅರ್ಥ. ಡೆಬಿಟ್ ಕಾರ್ಡಿನ ‘ಡೆಬಿಟ್’ ಅಲ್ಲಿಂದಲೇ ಬಂದದ್ದು. ಅದನ್ನು ಇಂಗ್ಲಿಷಿಗೆ ತರುವಾಗ ಹಳೆಯ ಬರಹಗಾರರು ‘ಆಗನ್ ತೋ ಗೆಲ್ಡನೆ’ ಎಂದು ಬರೆದರು. ಪದಕ್ಕೆ ಪದ ಇಟ್ಟರೆ ‘ತೀರಿಸುವುದನ್ನು ಹೊಂದಿರು’. ದಿನ ಕಳೆದಂತೆ ‘ಗೆಲ್ಡನೆ’ ಬಿದ್ದುಹೋಯಿತು. ಉಳಿದ ‘ಆಗನ್’ ಒಂದೇ ಇಡೀ ಅರ್ಥವನ್ನು ಹೊತ್ತುಕೊಂಡಿತು.

ಇಲ್ಲಿ ಕನ್ನಡದವರಿಗೆ ಥಟ್ಟನೆ ಹೊಳೆಯಬೇಕಾದ ಒಂದು ಸಂಗತಿ ಇದೆ. ನಾವು ದಿನಾ ಇದನ್ನೇ ಮಾಡುತ್ತೇವೆ! ‘ನಾ ಅವ್ರಿಗೆ ಐದು ಸಾವಿರ ಕೊಡೋದೈತಿ’ ಅಂತೀವಿ. ಕೊಡೋದು ಇದೆ. ‘ನಂಗ ಅವ್ರಿಂದ ಬರೋದೈತಿ’ ಅಂತೀವಿ. ಬರೋದು ಇದೆ. ಸಾಲಕ್ಕೆ ಬೇರೆ ಕ್ರಿಯಾಪದವೇ ಬೇಡ, ‘ಐತಿ’ ಸಾಕು. ಅಂಗಡಿ ಮುಂದೆ ನಿಂತು ‘ಕೊಡೋದೈತಿ’ ಅನ್ನುವವನ ಮಾತಿನ ಕಟ್ಟೂ ಆ ಹಳೆಯ ಇಂಗ್ಲಿಷ್ ಬರಹಗಾರನ ವಾಕ್ಯದ ಕಟ್ಟೂ ಹೆಚ್ಚುಕಡಿಮೆ ಒಂದೇ. ಯಾರೂ ಯಾರಿಂದಲೂ ಕಲಿತದ್ದಲ್ಲ.

ಮೂರನೇ ಹೆಜ್ಜೆಯೂ ನಮ್ಮಲ್ಲಿ ಇದೆ. ‘ನಾಳೆ ಸಿಂಧನೂರಿಗೆ ಹೋಗೋದೈತಿ’ ಅಂದರೆ ಹೋಗಲೇಬೇಕು ಅಂತ. ಅಲ್ಲಿಗೆ ಮೂರೂ ಆಯಿತು. ನಂದು ಹೊಲ ಐತಿ, ನಾ ಕೊಡೋದೈತಿ, ನಾ ಹೋಗೋದೈತಿ. ಇರುವುದು, ಸಾಲ, ಕರ್ತವ್ಯ. ಇಂಗ್ಲಿಷಿನ ಓನ್, ಓ, ಆಟ್ ನಡೆದ ದಾರಿಯೂ ಇದೇ. ‘ಕೊಡಬೇಕು’ ಪದವನ್ನೇ ನೋಡಿ. ‘ಅವನಿಗೆ ನೂರು ರೂಪಾಯಿ ಕೊಡಬೇಕು’ ಅಂದರೆ ಸಾಲ ಇದೆ ಅಂತಲೂ ಹೌದು, ಕೊಡುವುದು ಧರ್ಮ ಅಂತಲೂ ಹೌದು. ನಾವು ಎರಡನ್ನೂ ಬೇರೆ ಮಾಡಿಲ್ಲ. ಇಂಗ್ಲಿಷ್ ಬೇರೆ ಮಾಡಿತು. ಬೇರೆ ಮಾಡಿದರೂ ಎರಡಕ್ಕೂ ಒಂದೇ ತಾಯಿಯನ್ನು ಉಳಿಸಿಕೊಂಡಿತು. ನನ್ನ ಕಣ್ಣಿಗೆ ಈ ಇಡೀ ಕತೆಯಲ್ಲಿ ಇದೇ ಅತಿ ಸುಂದರ ಭಾಗ.

ಆ ‘ಗೆಲ್ಡನೆ’ ಪೂರ್ತಿ ಕಳೆದುಹೋಗಲಿಲ್ಲ. ತೀರಿಸು, ಸಲ್ಲಿಸು ಎಂಬ ಅರ್ಥದ ಅದೇ ಪದ ಇವತ್ತು ‘ಯೀಲ್ಡ್’ ಆಗಿದೆ. ‘ಎಕರೆಗೆ ಎಷ್ಟು ಯೀಲ್ಡ್ ಬಂತು?’ ಅಂತ ಗಂಗಾವತಿ, ಸಿಂಧನೂರಿನ ಭತ್ತದವರು ಕೇಳುತ್ತಾರಲ್ಲ, ಅದೇ. ನೆಲ ನಮಗೆ ಸಲ್ಲಿಸುವುದು ಇಳುವರಿ. ಆ ಇಳುವರಿಯಿಂದಲೇ ಅಣ್ಣ ಬ್ಯಾಂಕಿಗೆ ಸಲ್ಲಿಸುತ್ತಾನೆ.

‘ಓ’ ಪದದ ಹಳೆಯ ಅರ್ಥ ಬೇಗ ಸಾಯಲಿಲ್ಲ. 1600ರ ಆಸುಪಾಸಿನಲ್ಲಿ, ಅಂದರೆ ಶೇಕ್ಸ್‌ಪಿಯರ್ ಕಾಲದಲ್ಲೂ, ಅದಕ್ಕೆ ‘ಹೊಂದಿರು’ ಎಂಬ ಅರ್ಥ ಇತ್ತು. ಅವನ ಒಥೆಲೋ ನಾಟಕದಲ್ಲಿ ‘ನಿನ್ನೆವರೆಗೆ ನಿನ್ನದಾಗಿದ್ದ ಸಿಹಿನಿದ್ದೆ’ ಎಂಬರ್ಥದ ಮಾತು ಬರುತ್ತದೆ. ಅಲ್ಲಿರುವುದು ‘ಓ’ ಕ್ರಿಯಾಪದವೇ. ಇವತ್ತಿನ ಅರ್ಥ ಹಿಡಿದು ಓದಿದರೆ ‘ನಿನ್ನೆ ನೀನು ಸಾಲ ಮಾಡಿದ್ದ ನಿದ್ದೆ’ ಅಂತಾಗಿ ತಲೆ ಕೆಡುತ್ತದೆ. ಆಗ ‘ಓನ್’ ಕ್ರಿಯಾಪದದ ಬಳಕೆ ಬಹಳ ಕಡಿಮೆ ಇತ್ತು. 1300ರ ನಂತರ ಅದು ಹೆಚ್ಚುಕಡಿಮೆ ಮರೆಯಾಗಿ, 17ನೇ ಶತಮಾನದಲ್ಲಿ ಮತ್ತೆ ತಲೆ ಎತ್ತಿತು. ನಡುವೆ ಅದನ್ನು ಬದುಕಿಸಿ ಇಟ್ಟದ್ದು ‘ಓನರ್’. ಮಾಲೀಕ ಎಂಬ ಆ ನಾಮಪದ ಎಲ್ಲೂ ಹೋಗಿರಲಿಲ್ಲ. ‘ಓನರ್ ಇದ್ದಮೇಲೆ ಓನ್ ಇರಲೇಬೇಕು’ ಅನ್ನುವ ಹಾಗೆ ಜನ ಕ್ರಿಯಾಪದವನ್ನು ಮತ್ತೆ ಕಟ್ಟಿಕೊಂಡರು. ಬಳ್ಳಾರಿಯಲ್ಲೂ ಕೇಳಿನೋಡಿ. ಲಾರಿ ಓನರ್, ಹೌಸ್ ಓನರ್, ಓನರ್ ಕಮ್ ಡ್ರೈವರ್. ಇಂಗ್ಲಿಷ್ ಓದದವರ ಬಾಯಲ್ಲೂ ‘ಓನರ್’ ಇದೆ.

‘ಓನ್’ ಕೂಡ ಇದೆ, ಸ್ವಲ್ಪ ನಮ್ಮ ರೀತಿಯಲ್ಲಿ. ಓನ್ ಹೌಸ್, ಓನ್ ಬೋರ್ಡ್ ಗಾಡಿ. ವಿದ್ಯಾರ್ಥಿಗಳು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ‘ಐ ಹ್ಯಾವ್ ಓನ್ ಹೌಸ್’ ಅಂತ ಬರೆಯುತ್ತಾರೆ. ಕನ್ನಡದ ‘ಸ್ವಂತ’ ಒಂಟಿಯಾಗಿ ನಿಲ್ಲುತ್ತದೆ: ಸ್ವಂತ ಮನೆ. ಇಂಗ್ಲಿಷಿನ ‘ಓನ್’ ಹಾಗಲ್ಲ. ಅದರ ಮುಂದೆ ಯಾರದ್ದು ಅಂತ ಹೇಳಲೇಬೇಕು. ಮೈ ಓನ್ ಹೌಸ್, ಹರ್ ಓನ್ ಹೌಸ್. ಇಲ್ಲವೇ ‘ಎ ಹೌಸ್ ಆಫ್ ಮೈ ಓನ್’. ‘ಆನ್ ಮೈ ಓನ್’ ಅಂದರೆ ನಾನೊಬ್ಬನೇ, ಯಾರ ಹಂಗಿಲ್ಲದೆ. ಇನ್ನು ‘ಓನ್ ಅಪ್’ ಅಂದರೆ ತಪ್ಪು ಒಪ್ಪಿಕೊಳ್ಳುವುದು. ‘ಇದು ನನ್ನದೇ’ ಅಂತ ಆಸ್ತಿಯ ಬಗ್ಗೆ ಹೇಳುವುದನ್ನೇ ತಪ್ಪಿನ ಬಗ್ಗೆಯೂ ಹೇಳುವುದು.

ಎಂಜಿನಿಯರಿಂಗ್ ಓದಿದವರಿಗೆ ಇನ್ನೊಬ್ಬ ನೆಂಟನ ಪರಿಚಯ ಇದೆ, ಗೊತ್ತಿಲ್ಲದೆಯೇ. ಗಣಿತದ ಪೇಪರಿನಲ್ಲಿ ‘ಐಗನ್ ವ್ಯಾಲ್ಯೂ’ ಬರುತ್ತದಲ್ವಾ? ಜರ್ಮನ್ ಭಾಷೆಯಲ್ಲಿ ‘ಐಗನ್’ ಅಂದರೆ ‘ಸ್ವಂತ’. ‘ಓನ್’ ಪದದ ಖಾಸಾ ಅಣ್ಣತಮ್ಮ. ಒಂದು ಮ್ಯಾಟ್ರಿಕ್ಸಿನ ಸ್ವಂತದ ಬೆಲೆಗಳು ಅಂತ ಅದರ ಅರ್ಥ. ಇದನ್ನು ತರಗತಿಯಲ್ಲಿ ಒಂದು ಸಾಲಿನಲ್ಲಿ ಹೇಳಿದ್ದರೂ ಎಷ್ಟೋ ಮಕ್ಕಳ ಭಯ ಅರ್ಧ ಕಡಿಮೆಯಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷು, ಜರ್ಮನ್, ಸಂಸ್ಕೃತ ಎಲ್ಲ ಒಂದೇ ಕುಟುಂಬದ ಭಾಷೆಗಳು. ಆ ಕುಟುಂಬದಲ್ಲಿ ಇಂಗ್ಲಿಷಿನ ‘ಓನ್’ಗೆ ಸಂಸ್ಕೃತದಲ್ಲಿರುವ ನೆಂಟ ಯಾರು ಗೊತ್ತೇ? ‘ಈಶ್’ ಧಾತು. ಹೊಂದಿರು, ಒಡೆಯನಾಗಿರು, ಆಳು ಅಂತ ಅರ್ಥ. ಈಶ, ಈಶ್ವರ ಪದಗಳು ಅದರಿಂದಲೇ ಬಂದವು. ಕೊಪ್ಪಳದ ಗವಿಸಿದ್ಧೇಶ್ವರ, ಬಳ್ಳಾರಿಯ ಕೋಟೆ ಮಲ್ಲೇಶ್ವರ. ಆ ಹೆಸರುಗಳ ಕೊನೆಯಲ್ಲಿ ನಾವು ದಿನಾ ಕರೆಯುವ ‘ಈಶ’ನಿಗೂ ಲಾರಿಯ ಹಿಂದೆ ಬರೆದ ‘ಓನರ್’ಗೂ ಬೇರು ಒಂದೇ. ಮೊದಲ ಸಲ ತಿಳಿದಾಗ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಉಳ್ಳವನು ಪ್ರಭು ಆಗುವುದು, ಪ್ರಭು ದೇವರಾಗುವುದು, ಇದು ಒಂದು ಭಾಷೆಯ ಕತೆ ಅಲ್ಲ. ಕನ್ನಡದ ‘ಒಡೆಯ’ ನೋಡಿ. ದ್ರಾವಿಡ ಪದ. ತಮಿಳಿನಲ್ಲಿ ‘ಉಡೈ’ ಅಂದರೆ ಹೊಂದಿರು, ‘ಉಡೈಮೈ’ ಅಂದರೆ ಸ್ವತ್ತು. ಅದೇ ಬೇರಿನಿಂದ ನಮ್ಮ ಒಡೆಯ, ಒಡತಿ, ಒಡೆತನ, ಒಡವೆ. ಒಡವೆ ಅಂದರೆ ಈಗ ಬಂಗಾರದ ಆಭರಣ ಅಷ್ಟೇ. ಮೊದಲು ಯಾವ ಸ್ವತ್ತಿಗಾದರೂ ಆ ಪದ ಇತ್ತು. ಹೆಣ್ಣುಮಕ್ಕಳಿಗೆ ಹೊಲ ಬರೆಯದ ಕಾಲದಲ್ಲಿ ಅವಳದು ಅಂತ ಇದ್ದದ್ದು ಮೈಮೇಲಿನ ಬಂಗಾರ ಒಂದೇ. ಪದದ ಅರ್ಥ ಅಲ್ಲಿಗೆ ಬಂದು ನಿಂತದ್ದು ನನಗೆ ಆಶ್ಚರ್ಯ ತರುವುದಿಲ್ಲ. ಒಡೆಯ ಮಾತ್ರ ಮೇಲೆ ಮೇಲೆ ಹೋದ. ರಾಜನೂ ಒಡೆಯ, ಶಿವನೂ ಒಡೆಯ.

ಅರಬ್ಬಿಯಿಂದ ಬಂದ ‘ಮಾಲೀಕ’ನದೂ ಅದೇ ದಾರಿ. ಆ ಭಾಷೆಯಲ್ಲಿ ಪದಗಳು ಮೂರು ವ್ಯಂಜನಗಳ ಮೇಲೆ ನಿಲ್ಲುತ್ತವೆ. ಇಲ್ಲಿ ಮ, ಲ, ಕ. ‘ಮಾಲಿಕ್’ ಅಂದರೆ ಒಡೆಯ, ‘ಮಲಿಕ್’ ಅಂದರೆ ರಾಜ, ‘ಮುಲ್ಕ್’ ಅಂದರೆ ರಾಜ್ಯ. ನಿಜಾಮರ ಕಾಲ ಕಂಡ ಹಿರಿಯರು ಈ ನೆಲದವನಿಗೆ ‘ಮುಲ್ಕಿ’ ಅನ್ನುತ್ತಿದ್ದರಲ್ಲ, ಅದೂ ಇದರ ಮನೆಯದೇ. ಇನ್ನು ‘ಧಣಿ’. ಸಂಸ್ಕೃತದಲ್ಲಿ ಧನ ಇರುವವನು ಧನಿ. ನಮ್ಮ ಊರುಗಳಲ್ಲಿ ಅವನು ಆಳುಗಳ ಪಾಲಿಗೆ ‘ಧಣಿ’ ಆದ, ‘ಧಣ್ಯಾರು’ ಆದ. ಆಮೇಲೆ ಬಳ್ಳಾರಿ ಇಡೀ ನಾಡಿಗೆ ‘ಗಣಿಧಣಿ’ ಎಂಬ ಹೊಸ ಪದವನ್ನೇ ಕೊಟ್ಟಿತು.

ಸಂಸ್ಕೃತ, ಕನ್ನಡ, ಅರಬ್ಬಿ ಎಲ್ಲ ಕಡೆ ಹೊಂದಿರುವವನ ಪದ ಮೇಲಕ್ಕೆ ಏರಿತು. ಇಂಗ್ಲಿಷಿನಲ್ಲಿ ಒಂದು ಕೊಂಬೆ ಮಾತ್ರ ಸಾಲದ ಕಡೆ ಬಾಗಿತು. ಹೊಂದಿರುವುದಕ್ಕೂ ಕೊಡಬೇಕಾದದ್ದಕ್ಕೂ ಇರುವ ಗಂಟನ್ನು ಆ ಭಾಷೆ ಬಿಚ್ಚದೆ ಹಾಗೇ ಇಟ್ಟಿದೆ. ನಮ್ಮ ನೆಲದ ಇತಿಹಾಸದಲ್ಲಂತೂ ಆ ಗಂಟು ಎದ್ದು ಕಾಣುತ್ತದೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡನ್ನು ಇಂಗ್ಲಿಷರು ರಾಯಚೂರು ದೋಆಬ್ ಅಂದರು. ಅದು ಹೈದರಾಬಾದ್ ನಿಜಾಮರ ಒಡೆತನದಲ್ಲಿತ್ತು. ನಿಜಾಮರು ಸಾಕಬೇಕಿದ್ದ ಒಂದು ಸೇನೆಯ ಖರ್ಚು ಈಸ್ಟ್ ಇಂಡಿಯಾ ಕಂಪನಿಗೆ ಬಾಕಿ ಬಿತ್ತು. ಸಾಲ ಬೆಳೆಯಿತು. 1853ರ ಒಪ್ಪಂದದಲ್ಲಿ ಈಗಿನ ಮಹಾರಾಷ್ಟ್ರದ ಬೇರಾರ್ ಸೀಮೆಯ ಜೊತೆ ರಾಯಚೂರು ದೋಆಬ್ ಕೂಡ ಕಂಪನಿಯ ಆಡಳಿತಕ್ಕೆ ಹೋಯಿತು. ಇಡೀ ಒಂದು ನಾಡನ್ನೇ ಸಾಲಕ್ಕೆ ಒತ್ತಿ ಇಟ್ಟ ಹಾಗೆ. ಏಳು ವರ್ಷದ ನಂತರ, 1860ರಲ್ಲಿ, ಅದು ನಿಜಾಮರಿಗೆ ವಾಪಸ್ ಬಂತು. ಊರಲ್ಲಿ ಉಳುತ್ತಿದ್ದವನನ್ನು ಈ ಎರಡು ಸಲವೂ ಯಾರೂ ಕೇಳಲಿಲ್ಲ.

ಬಳ್ಳಾರಿಯ ಕತೆ ಬೇರೆ. 1800ರಲ್ಲೇ ನಿಜಾಮರು ಅದನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದ. ರೈತವಾರಿ ಪದ್ಧತಿಯನ್ನು ಬೆಳೆಸಿದವರಲ್ಲಿ ಅವನು ಮುಖ್ಯ. ನಡುವೆ ಜಮೀನ್ದಾರ ಇಲ್ಲ, ಸರ್ಕಾರಕ್ಕೂ ರೈತನಿಗೂ ನೇರ ಲೆಕ್ಕ. ಕಂದಾಯ ಕಟ್ಟುತ್ತಾ ಇರುವವರೆಗೆ ಹೊಲ ರೈತನದು. ಮಾರಬಹುದು, ಒತ್ತಿ ಇಡಬಹುದು, ಮಕ್ಕಳಿಗೆ ಬಿಡಬಹುದು. ಕಟ್ಟದಿದ್ದರೆ ಹೊಲ ಹೋಗುತ್ತದೆ. ಅಂದರೆ ‘ಓ’ ತೀರಿಸಿದರೆ ಮಾತ್ರ ‘ಓನ್’. ಆ ಪದ್ಧತಿಯನ್ನು ಇಷ್ಟು ಚಿಕ್ಕದಾಗಿ ಹೇಳುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಇದೇ ಗಂಟಿನ ಅತಿ ಕ್ರೂರ ರೂಪ ಜೀತ. ಸಾಲ ತೀರಿಸಲಾಗದವನು ತಾನೇ ಧಣಿಯ ಸ್ವತ್ತಾಗುವುದು. ಅಪ್ಪನ ಸಾಲಕ್ಕೆ ಮಗ ದುಡಿಯುವುದು. 1976ರಲ್ಲಿ ಕಾನೂನು ಜೀತವನ್ನು ರದ್ದು ಮಾಡಿತು, ಜೀತದಾಳುಗಳ ಸಾಲವನ್ನೂ ರದ್ದು ಮಾಡಿತು. ಎರಡನ್ನೂ ಒಟ್ಟಿಗೆ ಮಾಡಲೇಬೇಕಿತ್ತು. ಅದಕ್ಕೆ ಎರಡು ವರ್ಷ ಮೊದಲು, 1974ರ ಮಾರ್ಚ್ 1ರಿಂದ, ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮಾತಾಯಿತು. ಆ ಘೋಷಣೆಯಲ್ಲಿ ‘ಮಾಲೀಕ’ ಇಲ್ಲ, ‘ಒಡೆಯ’ ಇದೆ. ರಾಜನಿಗೂ ದೇವರಿಗೂ ಮೀಸಲಾಗಿದ್ದ ಪದವನ್ನು ಗೇಣಿದಾರನಿಗೆ ಕೊಟ್ಟದ್ದು ಸಣ್ಣ ಮಾತಲ್ಲ.

ಇಷ್ಟು ಹೇಳುವ ಹೊತ್ತಿಗೆ ಹುಡುಗಿ ಪೆನ್ನು ಕೆಳಗಿಟ್ಟು ಪಹಣಿಯನ್ನೇ ನೋಡುತ್ತಿದ್ದಳು. ಅವಳಿಗೆ ಅದರಲ್ಲಿ ಎರಡು ಜಾಗ ತೋರಿಸಿದೆ. ಕಾಲಂ 9ರಲ್ಲಿ ಅವಳ ಅಪ್ಪನ ಹೆಸರು. ಕಾಲಂ 11ರಲ್ಲಿ, ಋಣದ ಜಾಗದಲ್ಲಿ, ಬ್ಯಾಂಕಿನ ಹೆಸರು ಮತ್ತು ಸಾಲದ ಮೊತ್ತ. ಒಂದೇ ಹಾಳೆಯ ಮೇಲೆ ‘ಓನ್’ ಕೂಡ ಇದೆ, ‘ಓ’ ಕೂಡ ಇದೆ.

ಆದರೆ ಕಾಲಂ 9ರ ತಲೆಬರಹದಲ್ಲಿ ‘ಮಾಲೀಕ’ ಅಂತ ಇಲ್ಲ. ‘ಸ್ವಾಧೀನದಾರ’ ಅಂತ ಇದೆ. ಹಿರಿಯರು ಕಬ್ಜೆದಾರ ಅನ್ನುತ್ತಾರೆ. ಒಡೆತನ ಬೇರೆ, ಸ್ವಾಧೀನ ಬೇರೆ. ಪಹಣಿಯಲ್ಲಿ ಇರುವುದನ್ನು, ತಪ್ಪು ಅಂತ ಸಾಬೀತಾಗುವವರೆಗೆ, ನಿಜ ಅಂತ ಕಾನೂನು ನಂಬುತ್ತದೆ. ಅಷ್ಟರಿಂದಲೇ ಅದು ಒಡೆತನದ ಕೊನೆಯ ಪುರಾವೆ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಬೇರೆ ಪದಗಳಿವೆ. ‘ಹ್ಯಾವ್’ ಅಂದರೆ ಇರುವುದು ಅಷ್ಟೇ. ಅದರ ಬೇರಿನ ಅರ್ಥ ‘ಕೈಯಲ್ಲಿ ಹಿಡಿ’. ‘ಕ್ಯಾಪ್ಚರ್’ ಪದ ಅದರ ನೆಂಟ. ನಮ್ಮ ‘ಹಿಡುವಳಿ’ಯಲ್ಲೂ ಹಿಡಿಯುವ ಕೈ ಇದೆ. ಅರಬ್ಬಿಯ ‘ಕಬ್ಜಾ’ ಕೂಡ ಮುಷ್ಟಿಯಲ್ಲಿ ಹಿಡಿಯುವುದೇ. ‘ಪೊಸೆಸ್’ ಪದದಲ್ಲಿ ಕೈ ಇಲ್ಲ, ಕೂರುವುದು ಇದೆ. ಲ್ಯಾಟಿನ್‌ನ ‘ಪೊತಿಸ್’ ಪದದ ಬೇರಿನ ಅರ್ಥ ಒಡೆಯ, ಅದು ಸಂಸ್ಕೃತದ ‘ಪತಿ’ಯ ನೆಂಟ. ಅದಕ್ಕೆ ಕೂರು ಎಂಬ ಪದ ಸೇರಿತು. ಒಡೆಯನ ಹಾಗೆ ಕೂತಿರು ಅಂತ ಅರ್ಥ. ಊರಲ್ಲಿ ಯಾರಾದರೂ ಇನ್ನೊಬ್ಬರ ಜಾಗ ಬಿಡದೇ ಇದ್ದರೆ ‘ಅವ ಅಲ್ಲೇ ಕುಂತಾನ’ ಅಂತೀವಿ. ‘ಬಿಲಾಂಗ್’ ಅಂದರೆ ಜೊತೆಗೆ ಸೇರಿದ್ದು. ನಾವೂ ‘ಇದು ನನಗೆ ಸೇರಿದ್ದು’ ಅನ್ನುತ್ತೇವೆ.

ಆಡುಮಾತಿನ ಕನ್ನಡದಲ್ಲಿ ‘ಹ್ಯಾವ್’ಗೆ ನೇರವಾದ ಕ್ರಿಯಾಪದ ಇಲ್ಲ. ಬಡತನ ಅಂತ ಅಂದುಕೊಳ್ಳಬೇಡಿ. ‘ನನಗೆ ಇಬ್ಬರು ಮಕ್ಕಳು’, ‘ನನ್ ಕಡೆ ಟ್ರ್ಯಾಕ್ಟರ್ ಐತಿ’, ‘ನಂದು ಮೂರೆಕ್ರೆ ಹೊಲ ಐತಿ’. ಮೂರಕ್ಕೂ ಇಂಗ್ಲಿಷಿನಲ್ಲಿ ‘ಹ್ಯಾವ್’ ನಡೆಯುತ್ತದೆ. ನಮ್ಮಲ್ಲಿ ಮೂರು ಬೇರೆ ಕಟ್ಟು. ಮಕ್ಕಳು ನನಗೆ ಇದ್ದಾರೆ, ನನ್ನ ಸ್ವತ್ತಲ್ಲ. ಟ್ರ್ಯಾಕ್ಟರ್ ನನ್ನ ಕಡೆ ಇದೆ, ಯಾರದ್ದೋ ಇರಬಹುದು. ಹೊಲ ಮಾತ್ರ ನಂದು. ಮೂರರಲ್ಲೂ ಕರ್ತೃ ನಾನಲ್ಲ. ಮಕ್ಕಳು, ಟ್ರ್ಯಾಕ್ಟರ್, ಹೊಲ ‘ಇರುತ್ತವೆ’. ವಚನಗಳಿಂದ ನಮಗೆ ಗೊತ್ತಿರುವ ‘ಉಳ್ಳವರು’ ಪದದಲ್ಲೂ ಇರುವ ಅರ್ಥ ‘ಇರು’ ಅಂತಲೇ. ‘ಆಸ್ತಿ’ ಕೂಡ ಸಂಸ್ಕೃತದ ‘ಅಸ್ತಿ’, ಅಂದರೆ ಇದೆ. ಹಿಡಿಯುವ ಕೈಯನ್ನು ಮುಂದೆ ಮಾಡದೆ, ಇರುವ ವಸ್ತುವನ್ನು ಮುಂದೆ ಮಾಡುವ ಮಾತು ನಮ್ಮದು. ಇದು ನನಗೆ ಬಹಳ ಪ್ರಿಯ.

ಬಳ್ಳಾರಿಯವರು ಕೇಳಬಹುದಾದ ಒಂದು ಪ್ರಶ್ನೆಗೆ ಚಿಕ್ಕ ಉತ್ತರ. ಇಂಗ್ಲಿಷಿನಲ್ಲಿ ‘ಮೈನ್’ ಅಂದರೆ ನನ್ನದು. ‘ಮೈನ್’ ಅಂದರೆ ಗಣಿಯೂ ಹೌದು. ಸಂಡೂರಿನ ಕಡೆ ‘ಮೈನ್ಸಿಗೆ ಹೋಗ್ಯಾನ’ ಅನ್ನುತ್ತಾರಲ್ಲ. ಇವೆರಡಕ್ಕೂ ಸಂಬಂಧ ಇಲ್ಲ. ಮೊದಲನೆಯದು ‘ಮಿ’ ಪದದ ಮನೆಯದು. ಎರಡನೆಯದು ಫ್ರೆಂಚ್ ಮೂಲಕ ಬಂದದ್ದು. ಅಲ್ಲಿ ಸದ್ದು ಒಂದಾದದ್ದು ನಿಜಕ್ಕೂ ಕಾಕತಾಳೀಯ. ಗಣಿಯ ಓನರ್ ಅಂತ ಕರೆಸಿಕೊಳ್ಳುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲೀಸು, ಇಷ್ಟು ವರ್ಷ ಅಗೆಯುವ ಹಕ್ಕು. ಗುಡ್ಡ ಅವರದಲ್ಲ.

‘ಹಂಗಾದ್ರ ಕಾಕಾ, ಸಾಲ ತೀರೋತನಕ ನಮ್ಮ ಹೊಲಕ್ಕ ಬ್ಯಾಂಕ ಓನರ್ ಏನು?’

ಒಳಗಿನಿಂದ ಅಣ್ಣನೇ ಉತ್ತರ ಕೊಟ್ಟ. ‘ಅಲ್ಲ. ಹೊಲ ನಮ್ದ. ಪಹಣಿ ಮ್ಯಾಲೆ ಅವರ್ದು ಬೋಜಾ ಐತಿ ಅಷ್ಟ.’

ಬೋಜಾ, ಅಂದರೆ ಹೊರೆ. ಬೆಳೆಸಾಲ ಕೊಟ್ಟಾಗ ಬ್ಯಾಂಕು ಕಾಲಂ 11ರಲ್ಲಿ ಬೋಜಾ ಏರಿಸುತ್ತದೆ. ಕಾಲಂ 9ರ ಹೆಸರು ಬದಲಾಗುವುದಿಲ್ಲ. ಬೋಜಾ ಇರುವವರೆಗೆ ಅಣ್ಣ ಉಳಬಹುದು, ಬಿತ್ತಬಹುದು, ಬೆಳೆ ತೆಗೆಯಬಹುದು. ಸಾಲ ಮುಚ್ಚದೆ ಮಾರಲು ಹೋದರೆ ಮಾತ್ರ ಅಡ್ಡಿ. ಸಾಲ ತೀರಿದ ಮೇಲೆ ಬ್ಯಾಂಕು ಬಾಕಿ ಇಲ್ಲ ಅಂತ ಪತ್ರ ಕೊಡುತ್ತದೆ, ಬೋಜಾ ಇಳಿಸಬೇಕು. ಬಹಳ ಜನ ಸಾಲ ತೀರಿಸಿ, ಬೋಜಾ ಇಳಿಸುವುದನ್ನೇ ಮರೆಯುತ್ತಾರೆ. ತೀರಿಸಿದ ಸಾಲ ಪಹಣಿಯ ಮೇಲೆ ಹಾಗೇ ಕೂತಿರುತ್ತದೆ. ನಿಮ್ಮ ಪಹಣಿಯನ್ನೂ ಒಮ್ಮೆ ತೆಗೆಸಿ ನೋಡಿ.

ಹುಡುಗಿ ‘ಎನ್’ ಅಳಿಸಿದಳು. ಆಮೇಲೆ ಅದರ ಕೆಳಗೆ ಮೂರೂ ಪದ ಬರುವ ಹಾಗೆ ತಾನೇ ಒಂದು ವಾಕ್ಯ ಕಟ್ಟಿದಳು: ‘ಮೈ ಫಾದರ್ ಓನ್ಸ್ ತ್ರೀ ಏಕರ್ಸ್, ಓಸ್ ದ ಬ್ಯಾಂಕ್ ಟೂ ಲ್ಯಾಕ್ಸ್, ಅಂಡ್ ಆಟ್ ಟು ಬೈ ಮಿ ಎ ಸೈಕಲ್.’